ಪ್ಯಾಕೇಜ್ ಚೆಕ್ಕರ್‌ಗೆ ಹಲವು ಕಂಪ್ರೆಷನ್‌ಗಳ ಬೆಂಬಲ: ಯಾವ ದಾರಿ ಯಾರಿಗೆ?

2019ರ ಅಕ್ಟೋಬರ್‌ನಲ್ಲಿ ಬಂದ ಲಿನಕ್ಸ್ ಡಿಸ್ಟ್ರೋ ಫೆಡೋರಾ 31 ತನ್ನ ಆರ್‌ಪಿಎಂ ಪ್ಯಾಕೇಜ್‌ಗಳನ್ನು (ಸಾಫ್ಟ್‌ವೇರ್ ಹಂಚುವ ಫೈಲುಗಳನ್ನು) ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಬಿಟ್ಟು ಜೆಡ್‌ಸ್ಟ್ಯಾಂಡರ್ಡ್‌ನಲ್ಲಿ ಒತ್ತಲು ಶುರು ಮಾಡಿತು. ಅದೇ ಡಿಸೆಂಬರ್ ಕೊನೆಗೆ ಆರ್ಚ್ ಲಿನಕ್ಸ್ ಕೂಡ ಅದೇ ದಾರಿ ಹಿಡಿಯಿತು. 2021ರ ಅಕ್ಟೋಬರ್‌ನಲ್ಲಿ ಉಬುಂಟು 21.10ರ ಡೆಬ್ ಫೈಲುಗಳೂ (ಡೆಬಿಯನ್ ಬಗೆಯ ಪ್ಯಾಕೇಜ್‌ಗಳೂ) ಬದಲಾದವು. ಪ್ಯಾಕೇಜ್ ಹಾಕಿಕೊಳ್ಳುವವರಿಗೆ ಇದು ಹೆಚ್ಚುಕಡಿಮೆ ಗೊತ್ತೇ ಆಗಲಿಲ್ಲ. ಆದರೆ ಪ್ಯಾಕೇಜ್ ಬಿಚ್ಚಿ ಒಳಗೆ ಏನಿದೆ ಎಂದು ನೋಡುವ ಟೂಲ್‌ಗಳನ್ನು ಬರೆದವರಿಗೆ ಪ್ರತಿ ಸಲವೂ ಕೆಲಸ ಬಿತ್ತು.

ಡೆಬಿಯನ್‌ನ ಲಿಂಟಿಯನ್, ಆರ್ಚ್‌ನ ನ್ಯಾಮ್‌ಕ್ಯಾಪ್, ಆರ್‌ಪಿಎಂ ಜಗತ್ತಿನ ಆರ್‌ಪಿಎಂಲಿಂಟ್ ಈ ಜಾತಿಯ ಟೂಲ್‌ಗಳು, ಅಂದರೆ ಪ್ಯಾಕೇಜ್‌ನಲ್ಲಿ ತಪ್ಪಿದೆಯಾ ಎಂದು ನೋಡುವ ಚೆಕ್ಕರ್‌ಗಳು. ಇವಲ್ಲದೆ ಎಷ್ಟೋ ಕಂಪನಿಗಳಲ್ಲಿ, ಕಾಲೇಜುಗಳಲ್ಲಿ, ಸ್ವಂತ ರೆಪಾಸಿಟರಿ ಇಟ್ಟುಕೊಂಡವರಲ್ಲಿ ಮನೆಯಲ್ಲೇ ಬರೆದ ಚೆಕ್ಕರ್‌ಗಳಿವೆ. ಇಂಥವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಜಿಜಿಪ್, ಬಿಜಿಪ್2, ಎಕ್ಸ್‌ಜೆಡ್, ಜೆಡ್‌ಸ್ಟ್ಯಾಂಡರ್ಡ್ ಎಲ್ಲವನ್ನೂ ಓದಬೇಕು, ಅದನ್ನು ಕೋಡ್‌ನಲ್ಲಿ ಹೇಗೆ ತರುವುದು? ಹೊರಗಿನ ಕಮಾಂಡ್ ಕರೆಯಬೇಕಾ, ಭಾಷೆಯ ಜೊತೆ ಬಂದ ಲೈಬ್ರರಿ ಸಾಕಾ, ಹಲವು ಬಗೆಯ ಆರ್ಕೈವ್ ಓದುವ ಲಿಬ್‌ಆರ್ಕೈವ್ ಲೈಬ್ರರಿ ಬಳಸಬೇಕಾ, ಇಲ್ಲ ಪ್ಯಾಕೇಜ್ ಮ್ಯಾನೇಜರನ್ನೇ ಕೇಳಬೇಕಾ?

ಮೊದಲೇ ಒಂದು ಮಾತು. ಯಾವ ಕಂಪ್ರೆಷನ್ ಒಳ್ಳೆಯದು ಎನ್ನುವುದು ಇಲ್ಲಿಯ ಪ್ರಶ್ನೆ ಅಲ್ಲ. ಆ ಲೆಕ್ಕ ಪ್ಯಾಕೇಜ್ ಮಾಡುವವರದು. ಆರ್ಚ್ ತನ್ನ ಲೆಕ್ಕವನ್ನು ಬಹಿರಂಗವಾಗಿಯೇ ಹೇಳಿತ್ತು: ಒಟ್ಟು ಗಾತ್ರ ಸುಮಾರು ಶೇ. 0.8ರಷ್ಟು ಜಾಸ್ತಿ, ಬಿಚ್ಚುವ ವೇಗದಲ್ಲಿ ಸುಮಾರು ಶೇ. 1300ರಷ್ಟು ಲಾಭ. ಚೆಕ್ಕರ್‌ಗೆ ಈ ಆಯ್ಕೆಯೇ ಇಲ್ಲ. ಬಂದದ್ದನ್ನು ಓದಬೇಕು. ಹಾಗಾಗಿ ನಾವು ತೀರ್ಮಾನಿಸಬೇಕಾದದ್ದು ಎರಡೇ: ಬಿಚ್ಚುವ ಕೆಲಸವನ್ನು ಯಾರ ಕೈಗೆ ಕೊಡುವುದು, ಮತ್ತು ಅವರ ಕೈಲಿ ಆಗದಿದ್ದಾಗ ನಮಗೆ ಹೇಗೆ ಗೊತ್ತಾಗುತ್ತದೆ.

ಯಾವುದನ್ನು ಇಟ್ಟು ಅಳೆಯುವುದು

ನಾನು ಎಲ್ಲಕ್ಕಿಂತ ಮೇಲೆ ಇಡುವ ಅಳತೆ ಸೋಲಿನದು. "ಓದಲು ಆಗಲಿಲ್ಲ" ಮತ್ತು "ತಪ್ಪು ಸಿಗಲಿಲ್ಲ" ಎರಡೂ ಒಂದೇ ಥರ ಕಾಣುವ ಚೆಕ್ಕರ್ ಇದ್ದೂ ಇಲ್ಲದ ಹಾಗೆ. ಇಲ್ಲದಿದ್ದರೆ ಕನಿಷ್ಠ ಯಾರೂ ಅದನ್ನು ನಂಬುತ್ತಿರಲಿಲ್ಲ. ಹೊಸ ಕಂಪ್ರೆಷನ್‌ನ ಫೈಲ್ ಬಂದಾಗ ಖಾಲಿ ಪಟ್ಟಿ ಓದಿ ಹಸಿರು ಟಿಕ್ ಹಾಕಿ ಮುಂದೆ ಹೋಗುವ ಟೂಲ್, ತಿಂಗಳುಗಟ್ಟಲೆ ಹಾಗೇ ಓಡುತ್ತಿರಬಹುದು.

ಎರಡನೆಯದು, ಓಡಿಸಲು ಏನೇನು ಬೇಕು ಎಂಬುದು. ಚೆಕ್ಕರ್ ಬಹಳ ಸಲ ಸಣ್ಣ ಕಂಟೇನರ್‌ನಲ್ಲಿ ಓಡುತ್ತದೆ. ಅಲ್ಲಿ ಎಕ್ಸ್‌ಜೆಡ್ ಕಮಾಂಡ್ ಕೂಡ ಇರುತ್ತದೆ ಎಂಬ ಗ್ಯಾರಂಟಿ ಇಲ್ಲ.

ಮೂರನೆಯದು ಸಮಯ ಮತ್ತು ಮೆಮೊರಿ. ನಾಲ್ಕನೆಯದು ಸುರಕ್ಷತೆ: ಯಾರೋ ಕಳಿಸಿದ ಫೈಲನ್ನು ತೆರೆಯುವುದೇ ಇದರ ಕೆಲಸ, ಆ ಫೈಲ್ ಕೆಟ್ಟದ್ದೂ ಇರಬಹುದು. ಐದನೆಯದು, ಎಷ್ಟು ಬಗೆಯ ಪ್ಯಾಕೇಜ್ ನೋಡಬೇಕು. ಕೊನೆಯದು, ಇದನ್ನು ಮುಂದೆ ನೋಡಿಕೊಳ್ಳುವವರು ಯಾರು. ಪೂರ್ತಿ ಸಮಯ ಕೊಡುವ ಟೀಮ್ ಇದೆಯೋ, ವಾರಾಂತ್ಯದಲ್ಲಿ ಕೂರುವ ಒಬ್ಬರೇ ಇದ್ದಾರೋ?

ಪ್ಯಾಕೇಜ್ ಒಳಗೆ ಕಂಪ್ರೆಷನ್ ಎಲ್ಲಿ ಕೂತಿದೆ

ದಾರಿಗಳನ್ನು ತೂಗುವ ಮೊದಲು ಇದು ಗೊತ್ತಿರಬೇಕು. ಇಲ್ಲಿ ಅವಸರ ಮಾಡಿದರೆ ಮುಂದೆ ಏನು ಆರಿಸಿದರೂ ತಪ್ಪಾಗುತ್ತದೆ.

ಆರ್ಚ್‌ನ ಪ್ಯಾಕೇಜ್ ಸರಳ. ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಒಂದು ಟಾರ್ ಫೈಲ್, ಅದರ ಮೇಲೆ ಒಂದು ಕಂಪ್ರೆಷನ್ ಪದರ, ಅಷ್ಟೆ. ಹೆಸರು, ಆವೃತ್ತಿ, ಅವಲಂಬನೆಗಳಿರುವ ಪಿಕೆಜಿಇನ್ಫೊ ಮುಂತಾದ ಮಾಹಿತಿ ಫೈಲುಗಳು ಟಾರ್‌ನ ಮೊದಲಲ್ಲೇ ಇರುತ್ತವೆ. ಹೆಸರಷ್ಟೇ ಬೇಕಿದ್ದರೆ ಪೂರ್ತಿ ಬಿಚ್ಚಬೇಕಾಗಿಲ್ಲ.

ಡೆಬ್ ಹಾಗಲ್ಲ. ನಮ್ಮ ಕನ್ನಡ ಫಾಂಟ್ ಗುಬ್ಬಿಯ ಡೆಬಿಯನ್ ಪ್ಯಾಕೇಜ್ 'ಫಾಂಟ್ಸ್-ಗುಬ್ಬಿ'ಯನ್ನೇ ತೆಗೆದುಕೊಳ್ಳಿ. ಆ ಡೆಬ್ ಫೈಲನ್ನು 'ಎಆರ್' ಕಮಾಂಡ್‌ನಿಂದ ತೆರೆದರೆ ಮೂರು ಭಾಗ ಕಾಣುತ್ತವೆ: ಫಾರ್ಮ್ಯಾಟ್‌ನ ಆವೃತ್ತಿ ಬರೆದ ಚಿಕ್ಕ ಫೈಲ್, ಕಂಟ್ರೋಲ್ ಟಾರ್, ಡೇಟಾ ಟಾರ್. ಹೊರಗಿನ ಎಆರ್‌ಗೆ ಕಂಪ್ರೆಷನ್ನೇ ಇಲ್ಲ. ಒಳಗಿನ ಎರಡು ಟಾರ್‌ಗಳನ್ನು ಬೇರೆ ಬೇರೆಯಾಗಿ ಒತ್ತಿರುತ್ತಾರೆ. ಎರಡೂ ಒಂದೇ ಬಗೆಯಲ್ಲಿ ಇರಬೇಕು ಎಂಬ ನಿಯಮ ಇಲ್ಲ. ಹಳೆಯ ಡೆಬ್‌ಗಳಲ್ಲಿ ಕಂಟ್ರೋಲ್ ಜಿಜಿಪ್‌ನಲ್ಲಿ, ಡೇಟಾ ಎಕ್ಸ್‌ಜೆಡ್‌ನಲ್ಲಿ ಇರುವುದು ಮಾಮೂಲು. ಡೇಟಾ ಭಾಗದಲ್ಲಿ ಬಿಜಿಪ್2, ಹಳೆಯ ಎಲ್‌ಜೆಡ್‌ಎಂಎ ಕೂಡ ಸಿಗಬಹುದು. ಏನೂ ಒತ್ತದ ಬರೀ ಟಾರ್ ಕೂಡ ಇರಬಹುದು. "ಈ ಡೆಬ್ ಯಾವ ಕಂಪ್ರೆಷನ್?" ಎಂದು ಒಂದೇ ಉತ್ತರ ಕೇಳುವ ಫಂಕ್ಷನ್ ಬರೆದಿದ್ದರೆ ಅಲ್ಲೇ ತಪ್ಪಾಯಿತು.

ಆರ್‌ಪಿಎಂನಲ್ಲಿ ಹೆಡರ್ ಒಂದಿದೆ, ಯಾವ ಕಂಪ್ರೆಷನ್ ಬಳಸಲಾಗಿದೆ ಎಂದು ಅದರಲ್ಲೇ ಬರೆದಿರುತ್ತದೆ. ಅದರ ಹಿಂದೆ ಟಾರ್‌ನಂಥದ್ದೇ ಆದ ಸಿಪಿಐಒ ಆರ್ಕೈವ್ ಒತ್ತಿದ ರೂಪದಲ್ಲಿ ಬರುತ್ತದೆ. ಹೆಸರು, ಅವಲಂಬನೆ ನೋಡಲು ಏನನ್ನೂ ಬಿಚ್ಚಬೇಕಾಗಿಲ್ಲ.

ಆಲ್ಪೈನ್ ಲಿನಕ್ಸ್‌ನ ಪ್ಯಾಕೇಜ್ ಎಪಿಕೆ, ಅದರ ಎರಡನೇ ಆವೃತ್ತಿಯದು ಇನ್ನೊಂದು ಬಗೆ. ಸಹಿ, ಮಾಹಿತಿ, ಡೇಟಾ ಎಂದು ಮೂರು ಜಿಜಿಪ್ ತುಣುಕುಗಳನ್ನು ಒಂದರ ಹಿಂದೆ ಒಂದು ಅಂಟಿಸಿರುತ್ತಾರೆ. ಜಿಜಿಪ್ ಗೊತ್ತು ಅಂದುಕೊಂಡ ಎಷ್ಟೋ ಕೋಡ್ ಮೊದಲ ತುಣುಕು ಮುಗಿದ ಕೂಡಲೇ ಫೈಲೇ ಮುಗಿಯಿತು ಎಂದು ನಿಲ್ಲುತ್ತದೆ. ಸಹಿ ಮಾತ್ರ ಓದಿ, ಒಂದೂ ಫೈಲ್ ನೋಡದೆ "ಎಲ್ಲ ಸರಿ" ಅನ್ನುತ್ತದೆ. ಮೊದಲ ಅಳತೆಯನ್ನು ಅಷ್ಟು ಮೇಲೆ ಇಟ್ಟದ್ದು ಇದಕ್ಕೇ.

ಇನ್ನು ಗುರುತಿಸುವ ವಿಷಯ. ಫೈಲ್ ಹೆಸರಿನ ಬಾಲ ನೋಡಿ ತೀರ್ಮಾನಿಸಬೇಡಿ. ಡೌನ್‌ಲೋಡ್ ಆದಾಗ ಹೆಸರು ಬದಲಾಗುತ್ತದೆ, ಜನ ಕೈಯಾರೆ ಬದಲಿಸುತ್ತಾರೆ, ಡೆಬ್‌ನ ಹೊರ ಹೆಸರಿನಲ್ಲಂತೂ ಕಂಪ್ರೆಷನ್ ಸುಳಿವೇ ಇಲ್ಲ. ಮೊದಲ ಕೆಲವು ಬೈಟ್ ನೋಡಿದರೆ ಸಾಕು. ಜಿಜಿಪ್ 1ಎಫ್ 8ಬಿ ಎಂದು ಶುರುವಾಗುತ್ತದೆ. ಬಿಜಿಪ್2 'ಬಿಜೆಡ್‌ಎಚ್' ಎಂಬ ಮೂರು ಅಕ್ಷರಗಳಿಂದ, ಎಕ್ಸ್‌ಜೆಡ್ ಎಫ್‌ಡಿ 37 7ಎ 58 5ಎ 00 ಎಂಬ ಆರು ಬೈಟ್‌ಗಳಿಂದ, ಜೆಡ್‌ಸ್ಟ್ಯಾಂಡರ್ಡ್ 28 ಬಿ5 2ಎಫ್ ಎಫ್‌ಡಿ ಎಂಬ ನಾಲ್ಕರಿಂದ. ಹಳೆಯ ಎಲ್‌ಜೆಡ್‌ಎಂಎಗೆ ಮಾತ್ರ ಇಂಥ ಗಟ್ಟಿ ಗುರುತಿಲ್ಲ. ಅದೊಂದಕ್ಕೆ ಹೆಸರನ್ನು ನಂಬಿ, ಬಿಚ್ಚಿದ ಮೇಲೆ ಒಳಗೆ ನಿಜವಾಗಿ ಟಾರ್ ಇದೆಯಾ ಎಂದು ನೋಡಬೇಕು. ಹೆಸರಿನ ಬಾಲವೂ ಬೈಟ್‌ಗಳೂ ಹೊಂದದಿದ್ದರೆ ಅದನ್ನೇ ಒಂದು ತಪ್ಪಾಗಿ ವರದಿ ಮಾಡಿ. ಚೆಕ್ಕರ್ ಇರುವುದೇ ಅದಕ್ಕೆ ಅಲ್ವಾ?

ದಾರಿ ಒಂದು: ಹೊರಗಿನ ಕಮಾಂಡ್ ಕರೆಯುವುದು

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಬಾಲ ಎಕ್ಸ್‌ಜೆಡ್ ಆದರೆ ಎಕ್ಸ್‌ಜೆಡ್ ಕಮಾಂಡ್, ಜೆಡ್‌ಎಸ್‌ಟಿ ಆದರೆ ಜೆಡ್‌ಎಸ್‌ಟಿಡಿ ಕಮಾಂಡ್, ಬಂದದ್ದನ್ನು ಪೈಪ್ ಮೂಲಕ ಟಾರ್‌ಗೆ ಕೊಡುವುದು. ಶೆಲ್‌ನಲ್ಲಿ ಹತ್ತು ಸಾಲು. ಹೊಸ ಕಂಪ್ರೆಷನ್ ಬಂದರೆ ಇನ್ನೊಂದು ಸಾಲು. ಬಿಚ್ಚುವ ಕೆಲಸ ಬೇರೆ ಪ್ರೊಸೆಸ್‌ನಲ್ಲಿ ನಡೆಯುವುದರಿಂದ ಅದಕ್ಕೆ ಮೆಮೊರಿ ಮಿತಿ, ಸಮಯದ ಮಿತಿ ಹಾಕುವುದು ಸುಲಭ. ಈ ಅನುಕೂಲ ಉಳಿದ ದಾರಿಗಳಲ್ಲಿ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ತೊಂದರೆ ಬರುವುದು ಸೋಲಿನ ಅಳತೆಯಲ್ಲಿ. ಮೂರು ಕಡೆ ಎಚ್ಚರ ಬೇಕು.

ಪೈಪ್‌ನಲ್ಲಿ ಶೆಲ್ ಕೊನೆಯ ಕಮಾಂಡ್‌ನ ಫಲಿತಾಂಶ ಮಾತ್ರ ನೋಡುತ್ತದೆ. ಬಿಚ್ಚುವ ಕಮಾಂಡ್ ಮೊದಲಲ್ಲೇ ಸತ್ತರೂ, ಕೊನೆಯದು ಸುಮ್ನೆ ಖಾಲಿ ಓದಿ ಗೆದ್ದೆ ಎಂಬ ಸೊನ್ನೆ ಕೊಟ್ಟರೆ, ಎಲ್ಲ ಸರಿ ಎಂದಾಯಿತು. ಇದಕ್ಕೆ, ಪೈಪ್‌ನ ಯಾವ ಕಮಾಂಡ್ ಸೋತರೂ ಸೋಲು ಎನ್ನುವ ಪೈಪ್‌ಫೇಲ್ ಆಯ್ಕೆ ಹಾಕುತ್ತಾರೆ. ಹಾಕಿದ ಕೂಡಲೇ ಎರಡನೆಯ ತೊಂದರೆ. ಪಿಕೆಜಿಇನ್ಫೊ ಮಾತ್ರ ಓದಿ ನಿಲ್ಲಿಸಿದರೆ ಪೈಪ್ ಮುಚ್ಚುತ್ತದೆ, ಬಿಚ್ಚುತ್ತಿದ್ದ ಕಮಾಂಡ್ ಓದುವವರಿಲ್ಲ ಎಂಬ ಸಿಗ್‌ಪೈಪ್ ಸಿಗ್ನಲ್ ತಗುಲಿ 141 ಕೊಟ್ಟು ಸಾಯುತ್ತದೆ. ಈಗ ಒಳ್ಳೆಯ ಪ್ಯಾಕೇಜ್ ಕೂಡ ಕೆಟ್ಟದ್ದು ಎಂದು ಕಾಣುತ್ತದೆ. ಅದೂ ಪ್ರತಿ ಸಲ ಅಲ್ಲ, ಸಣ್ಣ ಪ್ಯಾಕೇಜ್ ಆದರೆ ಪೂರ್ತಿ ಬರೆದು ಮುಗಿದಿರುತ್ತದೆ, ದೊಡ್ಡದಾದರೆ ಸೋಲುತ್ತದೆ. ಕಾರಣ ಹುಡುಕಲು ಬಹಳ ಹೊತ್ತು ಹಿಡಿಯುವ ಬಗೆ ಇದು.

ಮೂರನೆಯದು ಬಲವಂತದ ಆಯ್ಕೆ. ಎಕ್ಸ್‌ಜೆಡ್‌ಗೆ ಬಿಚ್ಚು, ಹೊರಗೆ ಬರಿ, ಬಲವಂತ ಮಾಡು ಎಂಬ ಮೂರನ್ನೂ ಒಟ್ಟಿಗೆ ಹೇಳಿದರೆ, ತನಗೆ ಗುರುತು ಸಿಗದ ಫೈಲನ್ನು ಅದು ಹಾಗೆಯೇ ನಕಲು ಮಾಡಿ ಹೊರಗೆ ಬಿಡುತ್ತದೆ, ಸೋತೆ ಎನ್ನುವುದಿಲ್ಲ. ಅದರ ಕೈಪಿಡಿಯಲ್ಲೇ ಹೀಗೆಂದು ಬರೆದಿದೆ. ಜೆಡ್‌ಸ್ಟ್ಯಾಂಡರ್ಡ್ ಫೈಲನ್ನು ಅದಕ್ಕೆ ಕೊಟ್ಟರೆ ಆ ಬೈಟ್‌ಗಳೇ ವಾಪಸ್ ಬರುತ್ತವೆ. ಒತ್ತದ ಟಾರ್ ಕೂಡ ಓದಿಕೊಳ್ಳಲಿ ಎಂದು ಅನುಕೂಲಕ್ಕೆ ಹಾಕಿದ ಆಯ್ಕೆ, ಹೊಸ ಕಂಪ್ರೆಷನ್ ಬಂದ ದಿನ ತಪ್ಪನ್ನು ಮುಚ್ಚಿಡುತ್ತದೆ. ಚೆಕ್ಕರ್‌ನಲ್ಲಿ ಬಲವಂತದ ಆಯ್ಕೆ ಬೇಡವೇ ಬೇಡ.

ಯಾರಿಗೆ ಸರಿ? ಒಂದೇ ಕಂಟೇನರ್ ಇಮೇಜ್‌ನಲ್ಲಿ, ಅದೂ ನೀವೇ ಕಟ್ಟಿದ ಇಮೇಜ್‌ನಲ್ಲಿ ಓಡುವ ಚಿಕ್ಕ ಸ್ಕ್ರಿಪ್ಟ್‌ಗೆ. ಬೇಕಾದ ಕಮಾಂಡ್‌ಗಳು ಇವೆಯಾ ಎಂದು ಶುರುವಿನಲ್ಲೇ ನೋಡಿ, ಇಲ್ಲದಿದ್ದರೆ ಕೂಗಿ ನಿಲ್ಲಲಿ. ಬೇರೆಯವರ ಯಂತ್ರಕ್ಕೆ ಹೋಗುವ ಟೂಲ್ ಆದರೆ ಈ ದಾರಿ ನಾನು ಹೇಳುವುದಿಲ್ಲ.

ದಾರಿ ಎರಡು: ಭಾಷೆಯ ಜೊತೆಗೇ ಬಂದದ್ದು

ಇಂಥ ಟೂಲ್‌ಗಳಲ್ಲಿ ಪೈಥಾನ್ ಜಾಸ್ತಿ, ಅದನ್ನೇ ನೋಡೋಣ. ಜಿಜಿಪ್, ಬಿಜಿಪ್2 ಅದರಲ್ಲಿ ಮೊದಲಿಂದ ಇವೆ. ಎಕ್ಸ್‌ಜೆಡ್ 2012ರ ಪೈಥಾನ್ 3.3ರಲ್ಲಿ ಬಂತು. ಟಾರ್‌ಫೈಲ್ ಮಾಡ್ಯೂಲ್‌ಗೆ ನೀನೇ ಕಂಡುಕೊ ಎಂದರೆ ಒಂದೊಂದಾಗಿ ಪ್ರಯತ್ನಿಸಿ ತೆರೆಯುತ್ತದೆ, ಯಾವುದೂ ಆಗದಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ. ಸೋಲಿನ ಅಳತೆಯಲ್ಲಿ ಇದಕ್ಕೆ ಒಳ್ಳೆ ಅಂಕ. ಎಕ್ಸೆಪ್ಶನ್ನನ್ನು ಹಿಡಿದು ನುಂಗುವ ಕೋಡ್ ನೀವೇ ಬರೆಯದಿದ್ದರೆ ಆಯಿತು.

ಕೊರತೆ ಜೆಡ್‌ಸ್ಟ್ಯಾಂಡರ್ಡ್‌ನದು. ಅದು ಪೈಥಾನ್ ಜೊತೆಗೇ ಬಂದದ್ದು 2025ರ ಅಕ್ಟೋಬರ್‌ನ 3.14ರಲ್ಲಿ. ಡೆಬಿಯನ್ 12ರಲ್ಲಿ 3.11, ಡೆಬಿಯನ್ 13ರಲ್ಲಿ 3.13, ಉಬುಂಟು 24.04ರಲ್ಲಿ 3.12 ಇದೆ. ಅಂದರೆ ಇವತ್ತು ಸರ್ವರ್‌ಗಳಲ್ಲಿ ನಿಜವಾಗಿ ಓಡುತ್ತಿರುವ ಪೈಥಾನ್‌ಗಳಲ್ಲಿ ಬಹುಪಾಲಿಗೆ ಹೊರಗಿನ ಮಾಡ್ಯೂಲ್ ಬೇಕು. ಅದಕ್ಕೆ 'ಜೆಡ್‌ಸ್ಟ್ಯಾಂಡರ್ಡ್' ಎಂಬ ಹೆಸರಿನ ಮಾಡ್ಯೂಲ್ ಇದೆ, 3.14ರದ್ದನ್ನೇ ಹಳೆಯ ಪೈಥಾನ್‌ಗೆ ತಂದ ಬ್ಯಾಕ್‌ಪೋರ್ಟ್ ಕೂಡ ಇದೆ. ಮುಂದೆ 3.14ಕ್ಕೆ ಹೋಗುವವರಿಗೆ ಬ್ಯಾಕ್‌ಪೋರ್ಟ್ ವಾಸಿ, ಆಗ ಕೋಡ್ ಬದಲಾಯಿಸುವ ಕೆಲಸ ತಪ್ಪುತ್ತದೆ. 'ಜೆಡ್‌ಸ್ಟ್ಯಾಂಡರ್ಡ್' ಮಾಡ್ಯೂಲ್ ಬಳಸುವುದಾದರೆ ಒಂದು ಗಮನಿಸಿ: ಅದರ ಸ್ಟ್ರೀಮ್ ರೀಡರ್ ನೀವು ಬೇರೆ ಹೇಳದಿದ್ದರೆ ಮೊದಲ ಫ್ರೇಮ್ (ಒತ್ತಿದ ಒಂದು ತುಣುಕು) ಮುಗಿದಲ್ಲಿ ನಿಲ್ಲುತ್ತದೆ. ಹಲವು ಫ್ರೇಮ್ ಅಂಟಿಸಿದ ಫೈಲ್ ಬಂದರೆ ಆಲ್ಪೈನ್‌ನ ಕಥೆಯೇ ಇಲ್ಲೂ.

ಗೋ ಭಾಷೆಯವರಿಗೆ ಪರಿಸ್ಥಿತಿ ಇನ್ನೂ ಇಕ್ಕಟ್ಟು. ಜಿಜಿಪ್ ಇದೆ, ಬಿಜಿಪ್2 ಬಿಚ್ಚಲು ಮಾತ್ರ ಇದೆ. ಎಕ್ಸ್‌ಜೆಡ್‌ಗೂ ಜೆಡ್‌ಸ್ಟ್ಯಾಂಡರ್ಡ್‌ಗೂ ಹೊರಗಿನದೇ ಗತಿ.

ವೇಗದಲ್ಲಿ ಒಂದು ಗುಪ್ತ ಖರ್ಚಿದೆ. ಒತ್ತಿದ ಫೈಲಿನಲ್ಲಿ ಹಿಂದಕ್ಕೆ ಹೋಗಲು ದಾರಿಯಿಲ್ಲ. ಪೈಥಾನ್‌ಗೆ ಹಿಂದೆ ಹೋಗು ಎಂದರೆ ಅದು ಮೊದಲಿಂದ ಮತ್ತೆ ಬಿಚ್ಚಿಕೊಂಡು ಬರುತ್ತದೆ. ಸಾಮಾನ್ಯವಾಗಿ ಚೆಕ್ಕರ್‌ನಲ್ಲಿ ಒಂದೊಂದು ನಿಯಮವೂ ಒಂದೊಂದು ಫಂಕ್ಷನ್, ಒಂದೊಂದೂ ತನಗೆ ಬೇಕಾದ ಫೈಲನ್ನು ತೆರೆಯುತ್ತದೆ. ಇಪ್ಪತ್ತು ನಿಯಮ ಇದ್ದರೆ ಇಪ್ಪತ್ತು ಸಲ ಬಿಚ್ಚಿದಂತೆ. "ಎಕ್ಸ್‌ಜೆಡ್ ನಿಧಾನ" ಎಂದು ದೂರುವ ಬಹಳ ಕಡೆ ನಿಜವಾದ ಕಾರಣ ಇದು. ಡಿಸ್ಕ್‌ನಲ್ಲಿ ಜಾಗ ಇದ್ದರೆ ಒಂದೇ ಸಲ ಬಿಚ್ಚಿ ತಾತ್ಕಾಲಿಕ ಟಾರ್ ಆಗಿ ಇಟ್ಟುಕೊಳ್ಳಿ. ಜಾಗ ಇಲ್ಲದಿದ್ದರೆ ಒಂದೇ ಓಟದಲ್ಲಿ ಪ್ರತಿ ಫೈಲನ್ನೂ ಎಲ್ಲ ನಿಯಮಗಳಿಗೆ ತೋರಿಸಿಕೊಂಡು ಹೋಗಿ. ಎರಡನೆಯದಕ್ಕೆ ಕೋಡ್ ತಿರುಗಿಸಿ ಬರೆಯಬೇಕು, ಆದರೆ ನಾಲ್ಕು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಆ ಶ್ರಮ ವ್ಯರ್ಥವಾಗದು.

ಇನ್ನೊಂದು ಮುಖ್ಯ ಸಂಗತಿ. ಪೈಥಾನ್ 3.12ರಲ್ಲಿ ಟಾರ್‌ಫೈಲ್‌ಗೆ ಸುರಕ್ಷತೆಯ ಫಿಲ್ಟರ್‌ಗಳು ಬಂದವು, 3.14ರಿಂದ 'ಡೇಟಾ' ಫಿಲ್ಟರ್ ತಾನಾಗಿಯೇ ಹಾಕಿರುತ್ತದೆ. ಹೊರಗೆ ಜಿಗಿಯುವ ಲಿಂಕ್, ಡಿವೈಸ್ ಫೈಲ್ ಇಂಥವನ್ನು ಅದು ತಡೆಯುತ್ತದೆ. ಒಳ್ಳೆಯದೇ. ಆದರೆ ಅದು ಸೆಟ್‌ಯುಐಡಿ ಬಿಟ್ಟನ್ನೂ (ಪ್ರೋಗ್ರಾಂ ತನ್ನ ಮಾಲೀಕರ ಅಧಿಕಾರದಲ್ಲಿ ಓಡಲಿ ಎನ್ನುವ ಗುರುತನ್ನೂ) ತೆಗೆದುಹಾಕುತ್ತದೆ. ಪ್ಯಾಕೇಜನ್ನು ಡಿಸ್ಕ್‌ಗೆ ಬಿಚ್ಚಿ, ಅಲ್ಲಿ ಪರ್ಮಿಷನ್ ನೋಡುವ ಚೆಕ್ಕರ್ ಆದರೆ, ತಾನು ಹಿಡಿಯಬೇಕಾದ ಸೆಟ್‌ಯುಐಡಿ ಫೈಲನ್ನು ತಾನೇ ಕಳೆದುಕೊಳ್ಳುತ್ತದೆ. ಮಾಲೀಕರ ಹೆಸರೂ ಅಷ್ಟೇ, ರೂಟ್ ಆಗಿ ಓಡದಿದ್ದರೆ ಡಿಸ್ಕ್‌ನಲ್ಲಿ ಎಲ್ಲವೂ ನಿಮ್ಮ ಹೆಸರಿಗೇ ಬರುತ್ತವೆ. ಪರ್ಮಿಷನ್, ಮಾಲೀಕತ್ವ, ಲಿಂಕ್ ಇವನ್ನು ಟಾರ್‌ನ ಹೆಡರ್‌ನಿಂದಲೇ ಓದಿ, ಡಿಸ್ಕ್‌ನಿಂದ ಬೇಡ.

ಯಾರಿಗೆ ಸರಿ? ಅವಲಂಬನೆ ಕಡಿಮೆ ಇರಬೇಕು ಎನ್ನುವವರಿಗೆ, 3.14ನ್ನು ಕಡ್ಡಾಯ ಮಾಡಬಲ್ಲವರಿಗೆ ಇದು ಬಹಳ ಚೆಂದದ ದಾರಿ. ಹಳೆಯ ಸರ್ವರ್‌ಗಳನ್ನೂ ನೋಡಬೇಕಾದವರಿಗೆ ಒಂದು ಹೊರ ಮಾಡ್ಯೂಲ್ ಸೇರಿ ಪರವಾಗಿಲ್ಲ ಎನ್ನುವಂಥದ್ದು.

ದಾರಿ ಮೂರು: ಲಿಬ್‌ಆರ್ಕೈವ್

ಫ್ರೀಬಿಎಸ್‌ಡಿಯಲ್ಲಿ ಹುಟ್ಟಿದ ಲೈಬ್ರರಿ ಇದು. ಆರ್ಚ್‌ನ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನ್ ಪ್ಯಾಕೇಜ್ ತೆರೆಯುವುದು ಇದರಿಂದಲೇ. ವಿಂಡೋಸ್ 10ರ ಜೊತೆ ಬರುವ ಟಾರ್ ಕಮಾಂಡ್ ಕೂಡ ಇದರದ್ದೇ. ಟಾರ್, ಸಿಪಿಐಒ, ಎಆರ್ ಮೂರನ್ನೂ ಓದುತ್ತದೆ, ಕಂಪ್ರೆಷನ್‌ಗಳಂತೂ ಹೇಳಬೇಕಾಗಿಲ್ಲ. ಹೆಸರು ಕೇಳುವುದೇ ಇಲ್ಲ. ಬೆಂಬಲಿಸಿದ ಪ್ರತಿಯೊಂದು ಬಗೆಯೂ ಮೊದಲ ಬೈಟ್‌ಗಳನ್ನು ನೋಡಿ ಹರಾಜಿನಂತೆ ಬಿಡ್ ಕೂಗುತ್ತದೆ, ಹೆಚ್ಚು ಕೂಗಿದ್ದಕ್ಕೆ ಫೈಲ್. ಮೇಲೆ ನಾನು ಬರೆದ ಗುರುತಿಸುವ ಕೆಲಸವೆಲ್ಲ ನಿಮಗೆ ತಪ್ಪುತ್ತದೆ.

ಆದರೂ ನೋಡಿಕೊಳ್ಳಬೇಕಾದ್ದು ಇದೆ. ಲೈಬ್ರರಿಯನ್ನು ಕಟ್ಟುವಾಗ ಜೆಡ್‌ಸ್ಟ್ಯಾಂಡರ್ಡ್ ಬೆಂಬಲ ಸೇರಿಸಿಲ್ಲದಿದ್ದರೆ ಅದು ಸೋಲುವುದಿಲ್ಲ, ಹೊರಗಿನ ಕಮಾಂಡನ್ನು ಕರೆಯಲು ನೋಡುತ್ತದೆ. ಬೆಂಬಲ ಆನ್ ಮಾಡುವಾಗ ಓಕೆ ಬದಲು ಎಚ್ಚರಿಕೆಯ ಕೋಡ್ ಕೊಟ್ಟು ಇದನ್ನು ತಿಳಿಸುತ್ತದೆ. ಆ ಕೋಡನ್ನು ಯಾರೂ ನೋಡುವುದಿಲ್ಲ. ನೀವು ನೋಡಿ. ಇಲ್ಲದಿದ್ದರೆ ಗೊತ್ತಿಲ್ಲದೆ ಮೊದಲ ದಾರಿಗೇ ಬಂದಿರುತ್ತೀರಿ.

"ಎಲ್ಲವನ್ನೂ ಬೆಂಬಲಿಸು" ಎನ್ನುವ ಒಂದು ಸಾಲಿನ ಸೌಕರ್ಯವೂ ಇದೆ. ನಾನು ಬಳಸಬೇಡಿ ಎನ್ನುತ್ತೇನೆ. ನಿಮಗೆ ಬೇಕಾದ್ದು ಟಾರ್ ಮತ್ತು ನಾಲ್ಕೈದು ಕಂಪ್ರೆಷನ್. ಐಎಸ್‌ಒ, ಸೆವೆನ್‌ಜಿಪ್, ಕ್ಯಾಬ್ ಓದುವ ಕೋಡೆಲ್ಲ ಅಪರಿಚಿತ ಫೈಲಿನ ಎದುರು ಬಾಗಿಲು ತೆರೆದು ನಿಲ್ಲುವುದು ಯಾಕೆ? ಬೇಕಾದ್ದನ್ನು ಒಂದೊಂದಾಗಿ ಹೆಸರಿಸಿ ಆನ್ ಮಾಡಿ.

ನಮಗೆ ನೇರವಾಗಿ ತಾಗುವ ತೊಂದರೆಯೊಂದು ಇಲ್ಲಿದೆ. ಕಂಟೇನರ್‌ನಲ್ಲಿ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಹೊಂದಿಸದೆ ಬಿಟ್ಟರೆ ಅದು 'ಸಿ' ಆಗಿರುತ್ತದೆ. ಆಗ ಕನ್ನಡ ಲಿಪಿಯಲ್ಲಿ ಹೆಸರಿರುವ ಫೈಲ್ ಪ್ಯಾಕೇಜ್‌ನಲ್ಲಿದ್ದರೆ, ಹೆಸರನ್ನು ಯುಟಿಎಫ್-8ರಿಂದ ಈಗಿನ ಲೊಕೇಲ್‌ಗೆ ಬದಲಿಸಲು ಆಗಲಿಲ್ಲ ಎಂದು ಲಿಬ್‌ಆರ್ಕೈವ್ ದೂರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ, ಸರ್ವರ್‌ನಲ್ಲಿ ಮಾತ್ರ ತಪ್ಪು. ಪದಕೋಶ, ಟೆಂಪ್ಲೇಟ್, ಮಾದರಿ ದಾಖಲೆಗಳನ್ನು ಕನ್ನಡ ಹೆಸರಿನಲ್ಲೇ ಇಟ್ಟು ಪ್ಯಾಕೇಜ್ ಮಾಡುವವರು ಇದನ್ನು ನೆನಪಿಡಬೇಕು. ಲೊಕೇಲನ್ನು 'ಸಿ.ಯುಟಿಎಫ್-8' ಮಾಡಿದರೆ ಪರಿಹಾರ. ಮತ್ತೆ, ಫೈಲ್ ಹೆಸರಿಗೆ ಇಂಗ್ಲಿಷ್ ಅಕ್ಷರವೇ ಇರಲಿ ಎಂದು ಕನ್ನಡ ಹೆಸರುಗಳನ್ನು ತೆಗೆಸುವುದು ಪರಿಹಾರ ಅಲ್ಲ, ಅದು ಟೂಲ್‌ನ ಕೊರತೆಯನ್ನು ಬಳಸುವವರ ಮೇಲೆ ಹಾಕಿದಂತೆ.

ಯಾರಿಗೆ ಸರಿ? ಹಲವು ಬಗೆಯ ಪ್ಯಾಕೇಜ್ ನೋಡುವವರಿಗೆ, ಸಿ, ಸಿ++, ರಸ್ಟ್‌ನಲ್ಲಿ ಬರೆಯುವವರಿಗೆ, ಆರ್ಚ್ ಜಾತಿಯ ಪ್ಯಾಕೇಜ್ ನೋಡುವವರಿಗೆ. ಅಲ್ಲಿ ಪ್ಯಾಕ್‌ಮ್ಯಾನ್ ಇದ್ದ ಕಡೆ ಲಿಬ್‌ಆರ್ಕೈವ್ ಇದ್ದೇ ಇರುತ್ತದೆ, ಹೊಸ ಅವಲಂಬನೆಯೇ ಇಲ್ಲ. ಒಬ್ಬರೇ ನೋಡಿಕೊಳ್ಳುವ ಪ್ರಾಜೆಕ್ಟ್‌ಗೂ ನನ್ನ ಮೊದಲ ಸಲಹೆ ಇದೇ. ಮುಂದೆ ಇನ್ನೊಂದು ಕಂಪ್ರೆಷನ್ ಬಂದರೆ ನಿಮ್ಮ ಕೆಲಸ ಒಂದು ಸಾಲು.

ದಾರಿ ನಾಲ್ಕು: ಪ್ಯಾಕೇಜ್ ಮ್ಯಾನೇಜರನ್ನೇ ಕೇಳುವುದು

ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಡಿಪಿಕೆಜಿಯ ಜೊತೆ ಬರುವ ಡಿಪಿಕೆಜಿ-ಡೆಬ್ ಕಮಾಂಡ್‌ಗೆ ಡೇಟಾ ಟಾರ್ ಕೊಡು, ಕಂಟ್ರೋಲ್ ಟಾರ್ ಕೊಡು ಎಂದು ಕೇಳುವ ಆಯ್ಕೆಗಳಿವೆ. ಯಾವ ಕಂಪ್ರೆಷನ್ ಇದ್ದರೂ ಬಿಚ್ಚಿದ ಟಾರ್ ನಿಮ್ಮ ಕೈಗೆ. ಆರ್‌ಪಿಎಂನಲ್ಲೂ ಇಂಥ ಕಮಾಂಡ್‌ಗಳಿವೆ. ಕಂಪ್ರೆಷನ್ ಬಗ್ಗೆ ನೀವು ಒಂದು ಸಾಲೂ ಬರೆಯಬೇಕಾಗಿಲ್ಲ. ಇನ್‌ಸ್ಟಾಲ್ ಮಾಡುವಾಗ ಓದುವ ಕೋಡೇ ಚೆಕ್ ಮಾಡುವಾಗಲೂ ಓದುತ್ತದೆ ಎಂಬ ನೆಮ್ಮದಿ ಬೇರೆ.

ಇದು ಸೋಲುವ ರೀತಿಯೂ ನನಗೆ ಇಷ್ಟ. ಡೆಬಿಯನ್‌ನ ಡಿಪಿಕೆಜಿಗೆ ಜೆಡ್‌ಸ್ಟ್ಯಾಂಡರ್ಡ್ ಬಂದದ್ದು 1.21.18ರಲ್ಲಿ, ಅಂದರೆ 2023ರ ಡೆಬಿಯನ್ 12ರಿಂದ. ಅದಕ್ಕೂ ಹಿಂದಿನ ಡೆಬಿಯನ್ 11ರಲ್ಲಿ ಹೊಸ ಉಬುಂಟು ಡೆಬ್ ಕೊಟ್ಟರೆ, ಕಂಟ್ರೋಲ್ ಟಾರ್ ಎಂಬ ಭಾಗದ ಕಂಪ್ರೆಷನ್ ಗೊತ್ತಿಲ್ಲ, ಬಿಟ್ಟುಬಿಡುತ್ತೇನೆ ಎಂದು ಭಾಗದ ಹೆಸರು ಸಮೇತ ಹೇಳಿ ನಿಲ್ಲುತ್ತದೆ. ಏನು ಕೊರತೆ, ಎಲ್ಲಿ ಕೊರತೆ, ಎರಡೂ ಒಂದೇ ಸಾಲಿನಲ್ಲಿ. ಪ್ರತಿ ಚೆಕ್ಕರ್‌ನ ಸೋಲಿನ ಸಂದೇಶ ಹೀಗಿರಬೇಕು.

ಕೊರತೆಯೂ ಅದೇ ಉದಾಹರಣೆಯಲ್ಲಿ ಇದೆ. ನೀವು ಓಡುವ ಯಂತ್ರದ ಪ್ಯಾಕೇಜ್ ಮ್ಯಾನೇಜರ್ ಹಳೆಯದಾದರೆ ನಿಮ್ಮ ಚೆಕ್ಕರ್ ಕೂಡ ಹಳೆಯದೇ. ಉಬುಂಟು ಮೇಲೆ ಕೂತು ಆರ್ಚ್ ಪ್ಯಾಕೇಜ್ ನೋಡಲು ಈ ದಾರಿಯಿಂದ ಆಗುವುದಿಲ್ಲ. ಇನ್ನೊಂದು, ಬಿಚ್ಚಿದ ಟಾರ್ ಮಾತ್ರ ಕೈಗೆ ಬರುವುದರಿಂದ ಯಾವುದರಲ್ಲಿ ಒತ್ತಿದ್ದರು ಎಂಬ ಮಾಹಿತಿ ಕಳೆದುಹೋಗುತ್ತದೆ. ಹಳೆಯ ಎಲ್‌ಜೆಡ್‌ಎಂಎ ಬಳಸಿದ ಪ್ಯಾಕೇಜನ್ನು ಎತ್ತಿ ತೋರಿಸಬೇಕಿದ್ದರೆ ಎಆರ್‌ನ ಭಾಗಗಳ ಪಟ್ಟಿಯನ್ನು ಬೇರೆಯಾಗಿ ನೋಡಬೇಕು. ಆ ಪಟ್ಟಿ ಓದುವುದು ಕಷ್ಟವಲ್ಲ, ಮರೆಯಬಾರದು ಅಷ್ಟೆ.

ಒಂದೇ ಡಿಸ್ಟ್ರೋಗೆ, ಅದರಲ್ಲೂ ಡೆಬ್‌ಗೆ ಮಾತ್ರ ಚೆಕ್ಕರ್ ಬರೆಯುವವರು ಬೇರೆ ಯೋಚಿಸದೆ ಈ ದಾರಿ ಹಿಡಿಯಿರಿ.

ಮೆಮೊರಿ ಮತ್ತು ಕೆಟ್ಟ ಫೈಲುಗಳು

ಯಾವ ದಾರಿ ಹಿಡಿದರೂ ಈ ಲೆಕ್ಕ ಬಿಡುವುದಿಲ್ಲ. ಜಿಜಿಪ್ ಬಿಚ್ಚಲು ಅದಕ್ಕೆ ಬೇಕಾದ ಕಿಟಕಿ (ಈಗಾಗಲೇ ಬಿಚ್ಚಿದ್ದನ್ನು ನೆನಪಿಡುವ ಜಾಗ) 32 ಕೆಬಿ, ಬಿಡಿ. ಬಿಜಿಪ್2ಗೆ ಸುಮಾರು 3.7 ಎಂಬಿ. ಎಕ್ಸ್‌ಜೆಡ್ ಮಾಮೂಲಿನ 6ನೇ ಮಟ್ಟದಲ್ಲಿ ಒತ್ತಿದ್ದರೆ 9 ಎಂಬಿ, 9ನೇ ಮಟ್ಟದಲ್ಲಾದರೆ 65 ಎಂಬಿ. ಜೆಡ್‌ಸ್ಟ್ಯಾಂಡರ್ಡ್‌ನಲ್ಲಿ 22ನೇ ಮಟ್ಟದ ದೊಡ್ಡ ಫೈಲಿಗೆ ಕಿಟಕಿಯೇ 128 ಎಂಬಿ ಆಗಬಹುದು. 512 ಎಂಬಿಯ ಅಗ್ಗದ ವರ್ಚುವಲ್ ಯಂತ್ರದಲ್ಲಿ ಅಂಥ ನಾಲ್ಕನ್ನು ಒಟ್ಟಿಗೆ ಚೆಕ್ ಮಾಡಲು ಬಿಟ್ಟರೆ ಮೆಮೊರಿ ಅಲ್ಲಿಗೇ ಮುಗಿಯಿತು. ಬಜೆಟ್ ಕಡಿಮೆ ಇರುವವರು ಒಂದೊಂದಾಗಿ ಓಡಿಸಿ. ಜೆಡ್‌ಸ್ಟ್ಯಾಂಡರ್ಡ್ ಬಿಚ್ಚುವ ವೇಗ ಹೇಗೂ ಚೆನ್ನಾಗಿರುವುದರಿಂದ ಸಾಲಿನಲ್ಲಿ ನಿಲ್ಲಿಸಿದರೆ ದೊಡ್ಡ ನಷ್ಟವಿಲ್ಲ.

ಬಿಚ್ಚಿದ ಗಾತ್ರಕ್ಕೂ ಮಿತಿ ಇರಲಿ. ಜಿಜಿಪ್‌ನಲ್ಲಿ ಹೆಚ್ಚೆಂದರೆ ಒಂದಕ್ಕೆ ಸುಮಾರು ಸಾವಿರದಷ್ಟು ಉಬ್ಬುತ್ತದೆ. ಉಳಿದವು ಅದಕ್ಕಿಂತ ಎಷ್ಟೋ ಜಾಸ್ತಿ ಉಬ್ಬಬಲ್ಲವು. ಹೆಡರ್‌ನಲ್ಲಿ ಬರೆದ ಗಾತ್ರವನ್ನು ನಂಬದೆ, ನಿಜವಾಗಿ ಹೊರಬಂದ ಬೈಟ್‌ಗಳನ್ನು ಎಣಿಸುತ್ತಾ ಹೋಗಿ, ಮಿತಿ ದಾಟಿದರೆ ನಿಲ್ಲಿಸಿ.

2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ 5.6.0 ಮತ್ತು 5.6.1ರಲ್ಲಿ ಸಿಕ್ಕ ಹಿಂಬಾಗಿಲಿನ ನೆನಪಿನಿಂದ, "ಎಕ್ಸ್‌ಜೆಡ್ ಬೆಂಬಲವನ್ನೇ ತೆಗೆಯೋಣವೇ?" ಎಂದು ಕೇಳುವವರಿದ್ದಾರೆ. ಬೇಡ. ಅಲ್ಲಿ ಕೆಟ್ಟದ್ದು ಫಾರ್ಮ್ಯಾಟ್ ಅಲ್ಲ, ಬಿಡುಗಡೆಯಾದ ಆ ಎರಡು ಆವೃತ್ತಿಗಳು. ಡೆಬಿಯನ್‌ನಲ್ಲಿ ಇವತ್ತಿಗೂ ಎಕ್ಸ್‌ಜೆಡ್ ಡೆಬ್‌ಗಳೇ. ಅದನ್ನು ಓದದ ಚೆಕ್ಕರ್ ಅಲ್ಲಿ ಏನನ್ನೂ ಓದಿದಂತಾಗಲಿಲ್ಲ. ಆ ಘಟನೆ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ: ಹಿಂಬಾಗಿಲು ತೆರೆಯುವ ಸ್ಕ್ರಿಪ್ಟಿನ ಸಾಲುಗಳು ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇದ್ದವು. ಒತ್ತಿದ ಫೈಲಿನ ಒಳಗೆ ನಿಜವಾಗಿ ಏನಿದೆ ಎಂದು ನೋಡುವ ಟೂಲ್‌ಗಳು ಎಷ್ಟು ಬೇಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೂ ಎರಡರ ನಡುವೆ ತೂಗುತ್ತಿದ್ದರೆ

ಬರೀ ಡೆಬ್ ಅಥವಾ ಬರೀ ಆರ್‌ಪಿಎಂ ಆದರೆ ನಾಲ್ಕನೆಯದು. ಆರ್ಚ್ ಜಾತಿಯದು ಅಥವಾ ಹಲವು ಬಗೆಯದು ಆದರೆ ಮೂರನೆಯದು. ಶುದ್ಧ ಪೈಥಾನ್ ಬೇಕು, ಸಿ ಲೈಬ್ರರಿ ಕಟ್ಟುವ ತಲೆನೋವು ಬೇಡ ಎಂದರೆ ಎರಡನೆಯದು, ಜೊತೆಗೆ ಜೆಡ್‌ಸ್ಟ್ಯಾಂಡರ್ಡ್ ಬ್ಯಾಕ್‌ಪೋರ್ಟ್. ಮೊದಲನೆಯದರಲ್ಲಿ ಈಗಾಗಲೇ ಇದ್ದೀರಾ, ಬದಲಿಸಲು ಸಮಯ ಇಲ್ಲವಾ? ಬಲವಂತದ ಆಯ್ಕೆ ತೆಗೆಯಿರಿ, ಒಮ್ಮೆಗೆ ಪೂರ್ತಿ ತಾತ್ಕಾಲಿಕ ಟಾರ್‌ಗೆ ಬಿಚ್ಚಿ. ಪೈಪ್ ಹೋದರೆ ಅದರ ಎರಡು ತೊಂದರೆಗಳೂ ಹೋಗುತ್ತವೆ. ಅಷ್ಟರಿಂದಲೇ ಇನ್ನೊಂದೆರಡು ವರ್ಷ ನಿಶ್ಚಿಂತೆಯಾಗಿ ನಡೆಯುತ್ತದೆ.

ಯಾವ ಕಂಪ್ರೆಷನ್‌ಗಳು ಬೇಕು ಎನ್ನುವುದಕ್ಕೆ ಜಾಸ್ತಿ ಯೋಚನೆ ಬೇಡ. ಜಿಜಿಪ್, ಎಕ್ಸ್‌ಜೆಡ್, ಜೆಡ್‌ಸ್ಟ್ಯಾಂಡರ್ಡ್, ಮತ್ತು ಒತ್ತದ ಟಾರ್ ಕಡ್ಡಾಯ. ಹಳೆಯ ರೆಪಾಸಿಟರಿ ನೋಡುವವರು ಬಿಜಿಪ್2, ಎಲ್‌ಜೆಡ್‌ಎಂಎ ಸೇರಿಸಿ. ಬ್ರಾಟ್ಲಿ, ಎಲ್‌ಜೆಡ್4 ಯಾರಾದರೂ ನಿಜವಾದ ಪ್ಯಾಕೇಜ್ ತಂದು ತೋರಿಸಿದ ದಿನ ನೋಡಿಕೊಳ್ಳೋಣ.

ದಾರಿ ಆರಿಸಿದ ಮೇಲೆ ಮೊದಲು ಬರೆಯಬೇಕಾದ್ದು ಟೆಸ್ಟ್ ಫೈಲುಗಳು. ಒಂದು ತಪ್ಪಿರುವ ಒಂದೇ ಪ್ಯಾಕೇಜನ್ನು ಪ್ರತಿ ಕಂಪ್ರೆಷನ್‌ನಲ್ಲೂ ಒತ್ತಿ ಇಟ್ಟುಕೊಳ್ಳಿ, ಎಲ್ಲದರಲ್ಲೂ ಅದೇ ತಪ್ಪು ಸಿಗಬೇಕು. ತಪ್ಪಿಲ್ಲದ ಪ್ಯಾಕೇಜ್ ಇಟ್ಟು ಟೆಸ್ಟ್ ಮಾಡಿದರೆ ಓದದೇ ಪಾಸ್ ಆದದ್ದು ಗೊತ್ತಾಗುವುದಿಲ್ಲ. ಜೊತೆಗೆ ಅರ್ಧಕ್ಕೆ ಕತ್ತರಿಸಿದ್ದು ಒಂದು, ಸೊನ್ನೆ ಬೈಟಿನದ್ದು ಒಂದು, ಎರಡು ತುಣುಕು ಅಂಟಿಸಿದ್ದು ಒಂದು, ಬಾಲ ಎಕ್ಸ್‌ಜೆಡ್ ಇದ್ದು ಒಳಗೆ ಜೆಡ್‌ಸ್ಟ್ಯಾಂಡರ್ಡ್ ಇರುವುದೊಂದು, ಕನ್ನಡ ಹೆಸರಿನ ಫೈಲ್ ಇರುವುದೊಂದು. ಎಕ್ಸಿಟ್ ಕೋಡ್‌ಗೆ ಗ್ರೆಪ್ ಎಂಬ ಹುಡುಕುವ ಕಮಾಂಡ್ ಪಾಲಿಸುವ ಮೂರು ಮೆಟ್ಟಿಲಿನ ಪದ್ಧತಿಯನ್ನೇ ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಬಹುದು: ತಪ್ಪಿಲ್ಲದಿದ್ದರೆ 0, ತಪ್ಪು ಸಿಕ್ಕರೆ 1, ಓದಲು ಆಗದಿದ್ದರೆ 2. ಕತ್ತರಿಸಿದ ಫೈಲಿಗೂ ಸೊನ್ನೆ ಬೈಟಿನದಕ್ಕೂ 2 ಬರುವ ತನಕ ಹೊಸ ಕಂಪ್ರೆಷನ್ ಸೇರಿಸಲು ಹೋಗಬೇಡಿ.